ಆಳಿಗೆ ತಕ್ಕ ಕೋಲು

1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ನಮ್ಮ ಜಿಲ್ಲೆಗೆ ಉಕ್ಕನ್ನಷ್ಟೇ ಅಲ್ಲ, ಕೈಯಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಕುಶಲಕರ್ಮಿಗಳನ್ನೂ ಕೊಟ್ಟಿತು. ಅಂಥವರಲ್ಲೊಬ್ಬರು ನಮ್ಮ ಸೋದರಮಾವನವರು. 34 ವರ್ಷ ಫಿಟ್ಟರ್ ಆಗಿ ದುಡಿದು, ಈಗ ಶಿವಮೊಗ್ಗದಲ್ಲಿ ನೆಲೆಸಿದ್ದಾರೆ. ಬೆಂಗಳೂರಿನ ಮಗನ ಮನೆಗೆ ಹೋದಾಗಲೆಲ್ಲ ಅವನೊಡನೆ ಗಾಲ್ಫ್ ಮೈದಾನಕ್ಕೆ ಹೋಗಿ, ಅಭ್ಯಾಸದ ಹುಲ್ಲುಹಾಸಿನಲ್ಲಿ ಚೆಂಡನ್ನು ಕುಳಿಗೆ ಉರುಳಿಸುವ ರುಚಿ ಹತ್ತಿಸಿಕೊಂಡಿದ್ದರು. ಅದನ್ನರಿತ ಮಗನು ದೀಪಾವಳಿಗೆ ಒಂದು ಪಟ್ಟರ್ ಉಡುಗೊರೆ ತಂದನು.

ಪಟ್ಟರ್ ಎಂದರೆ ಚೆಂಡನ್ನು ಹಾರಿಸದೆ ನೆಲದ ಮೇಲೆ ಉರುಳಿಸುವ ಕೋಲು. ನೋಡುವವರಿಗೆ ಮಕ್ಕಳಾಟ, ಆಡುವವರಿಗೆ ಅಗ್ನಿಪರೀಕ್ಷೆ. ನಮ್ಮ ಬೆಂಗಳೂರಿನ ಕುಮಾರಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು ಓದುಗ ಬಂಧುಗಳಿಗೆ ನೆನಪಿರಬಹುದು. ಕಂಚಿನ ಪದಕ ತಪ್ಪಿದ್ದು ಕೇವಲ ಒಂದೇ ಹೊಡೆತದಿಂದ. ಆಕೆಯ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ಆಕೆಯ ತಾಯಿಯೇ. ದೂರ ಹೊಡೆಯುವುದರಲ್ಲಿ ಅನೇಕರಿಗಿಂತ ಹಿಂದಿದ್ದ ಆ ಹುಡುಗಿಯನ್ನು ಅಷ್ಟೆತ್ತರಕ್ಕೆ ಒಯ್ದದ್ದು ಮುಖ್ಯವಾಗಿ ಪಟ್ಟರ್ ಹಿಡಿದ ಕೈಯ ನೈಪುಣ್ಯ.

ಮಾವನವರ ಕಥೆ ಬೇರೆಯಾಯಿತು. ಜಗಲಿಯ ಮೇಲೆ ಚಾಪೆ ಹಾಸಿ, ಲೋಟವನ್ನು ಮಲಗಿಸಿ ಅಭ್ಯಾಸಕ್ಕೆ ತೊಡಗಿದರೆ ಚೆಂಡು ಪ್ರತಿ ಬಾರಿಯೂ ಎಡಕ್ಕೇ ಸರಿಯುವುದು. ಮಣಿಕಟ್ಟನ್ನು ತಿರುಚಿ ಸರಿಪಡಿಸಲು ಹೋದರು, ಮಣಿಕಟ್ಟು ನೋಯತೊಡಗಿತು. ಎರಡು ತಿಂಗಳಾಗುವಷ್ಟರಲ್ಲಿ ಕೋಲು ಬಾಗಿಲ ಹಿಂದೆ ಛತ್ರಿಯ ಪಕ್ಕ ಸೇರಿತು. "ನನ್ನ ಕೈ ಹೋಯಿತು ಕಣಯ್ಯಾ" ಎಂದು ನನ್ನೊಡನೆ ಒಮ್ಮೆ ಮೆಲ್ಲಗೆ ಹೇಳಿದರು. ಕೈಯನ್ನೇ ನಂಬಿ ಬಾಳಿದ ಕಾಯಕಜೀವಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ಉತ್ತರ ಹೊಳೆಯಲಿಲ್ಲ. ಪ್ರೀತಿಯಿಂದ ತಂದ ವಸ್ತುವನ್ನು ಹಳಿಯಲಾರದೆ ಅವರು ಮಗನಿಗೆ ಏನನ್ನೂ ತಿಳಿಸಿರಲಿಲ್ಲ.

ಶಿವರಾತ್ರಿಗೆ ಊರಿಗೆ ಬಂದ ಮಗನು ತಂದೆಯವರು ಕೋಲು ಹಿಡಿದು ನಿಂತ ಭಂಗಿಯನ್ನು ನೋಡಿದೊಡನೆ ತಲೆಯ ಮೇಲೆ ಕೈಯಿಟ್ಟುಕೊಂಡನು. "ಅಪ್ಪಾಜಿ, ದೋಷ ನಿಮ್ಮ ಕೈಯದಲ್ಲ, ಕೋಲಿನದು. ಅಂಗಡಿಯಲ್ಲಿ ನನ್ನ ಎತ್ತರಕ್ಕೆ ನೋಡಿ ಕೊಂಡುಬಿಟ್ಟೆ" ಎಂದನು. ಕೋಲು 35 ಅಂಗುಲ. ಮಾವನವರ ಎತ್ತರ 5 ಅಡಿ 3 ಅಂಗುಲ. ಗಿಡ್ಡ ಆಳಿಗೆ ಉದ್ದ ಕೋಲು ಕೊಟ್ಟರೆ ಆತ ಚೆಂಡಿನಿಂದ ದೂರ ನಿಲ್ಲಬೇಕಾಗುತ್ತದೆ. ಕೋಲಿನ ತಲೆಯ ಹೊರತುದಿ ನೆಲ ಬಿಟ್ಟು ಮೇಲೇಳುತ್ತದೆ. ಆಗ ಬಲಗೈಯವನ ಚೆಂಡು ಎಡಕ್ಕೆ ಎಳೆಯುತ್ತದೆ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಹತ್ತು ಅಡಿ ದೂರದಿಂದ ಹೊಡೆಯುವಾಗ ಚೆಂಡು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟರೂ ಅದು ಎರಡು ಅಂಗುಲಕ್ಕೂ ತುಸು ಹೆಚ್ಚು ಆಚೆ ಸರಿದು ಕುಳಿಯ ಅಂಚಿಗೆ ಹೋಗಿ ನಿಲ್ಲುತ್ತದೆ. ಈ ಲೆಕ್ಕ ಕೇಳಿದೊಡನೆ ಮಾವನವರ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ಭಾಷೆ!

ಮುಂದಿನ ಅಳತೆಯನ್ನೆಲ್ಲ ತಾವೇ ತೆಗೆದರು. ಮೊದಲು ಕೋಲಿಲ್ಲದೆ ಸಹಜವಾಗಿ ಬಾಗಿ, ತೋಳುಗಳನ್ನು ಇಳಿಬಿಟ್ಟು, ಹಸ್ತದಿಂದ ನೆಲಕ್ಕೆಷ್ಟು ಎಂದು ನೋಡಿದರು. ಮೂಗಿನ ಬುಡದಿಂದ ಒಂದು ನಾಣ್ಯ ಬಿಟ್ಟರೆ ಅದು ಚೆಂಡಿನ ಮೇಲೋ, ಅದರ ತುಸು ಈಚೆಗೋ ಬೀಳಬೇಕು, ಅದನ್ನೂ ಪರೀಕ್ಷಿಸಿದರು. ನೆಲದ ಮೇಲೆ ಸೀಮೆಸುಣ್ಣದ ಗೆರೆಯೆಳೆದು ತಮ್ಮ ಬೀಸು ಹೇಗಿದೆಯೆಂದು ಗಮನಿಸಿದರು. ಕೆಲವರ ಬೀಸು ಗೆರೆಯುದ್ದಕ್ಕೂ ನೇರ. ಇವರದು ಕದ ತೆರೆದು ಮುಚ್ಚಿದಂತೆ ಕಮಾನು. ಕೋಲನ್ನು ಒಂದು ಬೆರಳಿನ ಮೇಲೆ ಅಡ್ಡಲಾಗಿ ತೂಗಿದಾಗ ತಲೆಯ ಹೊರತುದಿ ನೆಲದತ್ತ ಜೋತರೆ ಅಂಥದು ಕಮಾನು ಬೀಸಿಗೂ, ಮುಖ ಆಕಾಶ ನೋಡಿದರೆ ನೇರ ಬೀಸಿಗೂ ಒಪ್ಪುತ್ತದೆಂಬುದು ಬಲ್ಲವರ ಅಭಿಮತ. ಇದೇನೂ ಶಾಸನವಲ್ಲ. ಅದೃಷ್ಟವಶಾತ್ ಈ ಕೋಲಿನ ತುದಿ ಜೋತಿತು.

ಭದ್ರಾವತಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಲೇತ್ ಅಂಗಡಿಯಿದೆ. ಅಲ್ಲಿ ಹಿಡಿಯ ರಬ್ಬರನ್ನು ಬಿಡಿಸಿ, ಆ ತುದಿಯಿಂದ ಎರಡೂವರೆ ಅಂಗುಲ ಕತ್ತರಿಸಿದರು. ಕೋಲು ಗಿಡ್ಡವಾದೊಡನೆ ತಲೆ ಹಗುರವೆನಿಸಿ ಬೀಸಿನ ಲಯ ತಪ್ಪಿತು. ತಳಕ್ಕೆ ಸೀಸದ ತೆಳುಪಟ್ಟಿ ಅಂಟಿಸಬೇಕಾಯಿತು. ಕತ್ತಿನ ಕೋನವನ್ನು ಬಗ್ಗಿಸುವ ಮುನ್ನ ಮಾವನವರು ಲೋಹ ಯಾವುದೆಂದು ವಿಚಾರಿಸಿದರು. ಮೆದು ಉಕ್ಕಾದರೆ ಸರಿ. ಸತುವಿನ ಎರಕವಾದರೆ ಬಿರುಕು ಬಿಟ್ಟೀತು. ಇದನ್ನು ಕೇಳದೆ ಸುತ್ತಿಗೆ ಎತ್ತುವವರೇ ಹೆಚ್ಚು.

ಇಂದು ಹೆಸರಾಗಿರುವ ಪಿಂಗ್ ಪಟ್ಟರನ್ನು 1959ರಲ್ಲಿ ರೂಪಿಸಿದ ಕಾರ್ಸ್ಟನ್ ಸೋಲ್‌ಹೈಮ್ ಎಂಬಾತ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರು. ಅದಕ್ಕೂ ಮೊದಲು ಪಾದರಕ್ಷೆಯ ಅಂಗಡಿಯಲ್ಲಿ ದುಡಿದವನು. ತಲೆಯ ಭಾರವನ್ನು ಎರಡು ತುದಿಗಳಿಗೆ ಹಂಚಿ, ಚೆಂಡು ನಡುವಿಗೆ ತಗುಲದಿದ್ದರೂ ಕೋಲು ತಿರುಚಿಕೊಳ್ಳದಂತೆ ಮಾಡಿದನು. ಚೆಂಡಿಗೆ ತಾಗಿದಾಗ ಹೊಮ್ಮುವ ಸದ್ದೇ ಅದರ ಹೆಸರಾಯಿತು. ಕಾಲಿನ ಅಳತೆ ನೋಡಿ ಕೆರ ಹೊಲಿಯುವುದು ಕಾಯಕವೆಂದು ಹರಳಯ್ಯನವರ ಪರಂಪರೆಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಾವನವರಿಗಂತೂ ಈ ಎಂಜಿನಿಯರು ತಮ್ಮ ಕುಲದವನೆಂದೇ ತೋರಿತು.

ಮಕ್ಕಳಿಗೆ ಈ ಆಟ ಕಲಿಸುವ ಮನೆಗಳವರು ಒಂದು ಮಾತನ್ನು ಗಮನಿಸಬೇಕು. "ಬೆಳೆಯುವ ಮಗು" ಎಂದು ದೊಡ್ಡವರ ಕೋಲು ಕೊಟ್ಟರೆ ಮಗು ಅದಕ್ಕೆ ಹೊಂದಿಕೊಳ್ಳಲು ವಕ್ರವಾದ ಬೀಸನ್ನೇ ಕಲಿಯುತ್ತದೆ. ಬೀಸೇ ಇನ್ನೂ ನೆಲೆಗೊಳ್ಳದವರು ದುಬಾರಿ ಅಳತೆಗೆ ಹಣ ಸುರಿಯುವುದೂ ವ್ಯರ್ಥ. ಮೊದಲು ಉದ್ದವೊಂದು ಸರಿಯಿದ್ದರೆ ಸಾಕು.

ಯುಗಾದಿಯ ಮರುದಿನ ಹೋದಾಗ ಲೋಟ ಜಗಲಿಯ ಮೇಲೆ ಮತ್ತೆ ಮಲಗಿತ್ತು. ಕತ್ತರಿಸಿದ ಕೊಳವೆಯ ತುಂಡು ವರ್ನಿಯರ್ ಪೆಟ್ಟಿಗೆಯಲ್ಲಿದೆ. ಮಾವನವರು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ್ದ ಮೊಮ್ಮಗಳ ನೆತ್ತಿಯ ಮೇಲೆ ಪಟ್ಟಿಯಿಟ್ಟು ಪೆನ್ಸಿಲಿನಿಂದ ಗೆರೆಯೆಳೆಯುತ್ತಿದ್ದರು.