ಉಕ್ಕಿನ ಕುಲುಮೆಯ ಅನಿಲದಿಂದ ಎಥನಾಲ್ ಹೇಗೆ?

ಪ್ರಶ್ನೆ: ಕಾರ್ಖಾನೆಯ ಅನಿಲವನ್ನು ಹುದುಗಿಸಿ ಇಂಧನ ಮಾಡುತ್ತಾರಂತೆ. ಅದರಲ್ಲಿ ಸಕ್ಕರೆಯೇ ಇಲ್ಲವಲ್ಲ, ಹುದುಗುವುದಾದರೂ ಏನು?

ಉತ್ತರ: ಯೀಸ್ಟ್‌ಗೆ ಸಕ್ಕರೆ ಬೇಕೇ ಬೇಕು. ಆದರೆ ಕ್ಲಾಸ್ಟ್ರಿಡಿಯಮ್ ಆಟೋಎಥನೋಜೀನಮ್ ಎಂಬ ಬ್ಯಾಕ್ಟೀರಿಯಕ್ಕೆ ನಮಗೆ ವಿಷವಾದ ಕಾರ್ಬನ್ ಮಾನಾಕ್ಸೈಡೇ ಆಹಾರ. ಮೊಲದ ಹಿಕ್ಕೆಯಲ್ಲಿ ಸಿಕ್ಕ ಈ ಜೀವಿಯನ್ನು ವಿಜ್ಞಾನಿಗಳು 1994ರಲ್ಲಿ ವರ್ಣಿಸಿದರು.

ಉಕ್ಕಿನ ಕುಲುಮೆಯಿಂದ ಹೊರಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳ. ಅದನ್ನು ಶುದ್ಧೀಕರಿಸಿ, ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ, ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಬ್ಯಾಕ್ಟೀರಿಯ ತುಂಬಿದ ದ್ರವಕ್ಕೆ ಗುಳ್ಳೆಗಳಾಗಿ ಹಾಯಿಸುತ್ತಾರೆ. ಕಾರ್ಬನ್ ಮಾನಾಕ್ಸೈಡಿನ 6 ಅಣುಗಳು ಮತ್ತು ನೀರಿನ 3 ಅಣುಗಳಿಂದ ಎಥನಾಲಿನ 1 ಅಣು ಹುಟ್ಟುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡಿನ 4 ಅಣುಗಳು. ಜಲಜನಕವನ್ನೂ ಒದಗಿಸಿದರೆ ಹೆಚ್ಚು ಇಂಗಾಲ ಎಥನಾಲಿಗೆ ಸೇರುತ್ತದೆ. ಕೊನೆಗೆ ಬಟ್ಟಿ ಇಳಿಸುವ ಕೆಲಸ.

ದೊಡ್ಡ ತೊಡಕು ಒಂದೇ: ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಹಾಗಾಗಿ ಗುಳ್ಳೆಗಳು ಸಣ್ಣವಾದಷ್ಟೂ ಇಳುವರಿ ಹೆಚ್ಚು.

2005ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾದ ಲಾಂಜಾಟೆಕ್ ಕಂಪನಿಯ ಈ ತಂತ್ರಜ್ಞಾನದ ಮೊದಲ ವಾಣಿಜ್ಯ ಘಟಕ 2018ರಲ್ಲಿ ಚೀನಾದ ಶೌಗಾಂಗ್ ಉಕ್ಕಿನ ಕಾರ್ಖಾನೆಯಲ್ಲಿ ಶುರುವಾಯಿತು. ನಮ್ಮಲ್ಲಿ ಇಂಡಿಯನ್ ಆಯಿಲ್ ತನ್ನ ಪಾಣಿಪತ್ ಸಂಸ್ಕರಣಾಗಾರದ ಅನಿಲಕ್ಕೆ ಇದನ್ನೇ ಅಳವಡಿಸಿದೆ.

ಈ ಎಥನಾಲ್ ಉರಿದಾಗಲೂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ನಿಜ. ಆದರೆ ಅದೇ ಇಂಗಾಲ ಎರಡು ಸಲ ದುಡಿಯುತ್ತದೆ. ಅಷ್ಟರಮಟ್ಟಿಗೆ ಪೆಟ್ರೋಲ್ ಉಳಿಯುತ್ತದೆ. ಕಬ್ಬು, ಜೋಳ, ಅಕ್ಕಿಯನ್ನು ಇಂಧನಕ್ಕೆ ಸುರಿಯಬೇಕಿಲ್ಲ ಎಂಬುದು ಇನ್ನೂ ದೊಡ್ಡ ಲಾಭ.