ಹುಳ ಬರುವ ದಾರಿ



ದಕ್ಷಿಣ ಧ್ರುವದ ಸೀಮೆಯಲ್ಲಿ ಹೊಲವಿಲ್ಲ, ತೋಟವಿಲ್ಲ. ಇರುವುದು ಹಿಮ ಮತ್ತು ಕೆಲವು ಸಂಶೋಧನಾ ಕೇಂದ್ರಗಳು. ಅಲ್ಲಿಗೂ ಪರಸ್ಥಳದ ಕೀಟಗಳು ಹೋಗಿ ನೆಲೆಸಿವೆ ಎಂದರೆ ನಮ್ಮಲ್ಲಿ ಅನೇಕರು ನಂಬಲಾರರು. 1960ರ ದಶಕದಲ್ಲಿ ಸಿಗ್ನಿ ದ್ವೀಪದ ಬ್ರಿಟಿಷ್ ಕೇಂದ್ರಕ್ಕೆ ಪ್ರಯೋಗಕ್ಕೆಂದು ಸೌತ್ ಜಾರ್ಜಿಯಾ ದ್ವೀಪದಿಂದ ಮಣ್ಣುಸಹಿತ ಗಿಡಗಳನ್ನು ತರಲಾಯಿತು. ಮಣ್ಣಿನೊಡನೆ ಹಾರಲಾರದ ಒಂದು ಪುಟ್ಟ ನೊಣವೂ ಬಂದಿತು. ಗಂಡಿನ ಹಂಗಿಲ್ಲದೆ ಸಂತಾನ ಬೆಳೆಸುವ ಜಾತಿ ಅದು. ಒಂದು ಹೆಣ್ಣು ಬಂದರೆ ಸಾಕು. ಇಂದಿಗೂ ಅಲ್ಲಿ ಹರಡುತ್ತಲೇ ಇದೆ. 2006-07ರಲ್ಲಿ ಉರುಗ್ವೆ ದೇಶದ ಕೇಂದ್ರದ ಬೆಚ್ಚನೆಯ ಮಲಗುಂಡಿಯಲ್ಲಿ ಇನ್ನೊಂದು ಜಾತಿಯ ನೊಣ ಕಾಣಿಸಿತು.

ಅಷ್ಟು ದೂರದ ಮಾತೇಕೆ ಎನ್ನುವವರಿಗೆ ನಮ್ಮ ರಾಜ್ಯದ್ದೇ ಸಂಗತಿ ಹೇಳುತ್ತೇವೆ. ಕಬ್ಬಿನ ಬಿಳಿ ಉಣ್ಣೆ ಹೇನು ಬಹುಕಾಲ ಪಶ್ಚಿಮ ಬಂಗಾಳ, ಅಸ್ಸಾಂ ಮೊದಲಾದ ಪೂರ್ವದ ರಾಜ್ಯಗಳಲ್ಲಷ್ಟೇ ಇತ್ತು. 2002ರ ಮಳೆಗಾಲದಲ್ಲಿ ಅದು ಏಕಾಏಕಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಸಾಂಗಲಿಗೂ ನಮ್ಮ ಕಾಗವಾಡ, ಅಥಣಿಗಳಿಗೂ ನಡುವೆ ಇರುವುದು ನಕ್ಷೆಯ ಗೆರೆ ಮಾತ್ರ. ಕಬ್ಬಿನ ಗಾಡಿಗಳಿಗೆ ಅದೂ ಇಲ್ಲ. ಕೆಲವೇ ತಿಂಗಳಲ್ಲಿ ಹೇನು ಗಡಿ ದಾಟಿತ್ತು.

ಆ ಹಂಗಾಮಿನಲ್ಲಿ ನಾವು ಚಿಕ್ಕೋಡಿ, ರಾಯಬಾಗದ ಕಡೆ ಹೋಗಿದ್ದೆವು. ನಿಪ್ಪಾಣಿಯ ತಂಬಾಕಿನ ಹೊಲಗಳಿಗೆ ಏನೂ ಆಗಿರಲಿಲ್ಲ. ಅದಕ್ಕೆ ಬೇಕಾದುದು ಕಬ್ಬು. ದೂರದಿಂದ ಬೆಳೆ ಹಸಿರಾಗಿಯೇ ಇತ್ತು. ರೈತರೊಬ್ಬರು, "ಎಲಿ ಹೊಳ್ಳಿಸಿ ನೋಡ್ರಿ ಸಾಹೇಬ್ರ, ಹತ್ತಿ ಮೆತ್ತಿದಂಗ ಐತಿ" ಎಂದರು. ಎಲೆಯ ಅಡಿ ಪೂರಾ ಬಿಳುಪು, ನಮ್ಮ ಅಂಗಿಯ ತೋಳೂ ಬಿಳುಪು. ಹೇನು ಅಡಿಯಲ್ಲಿ ಕುಳಿತು ರಸ ಹೀರುತ್ತದೆ. ಅದು ಸುರಿಸುವ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಹಿಡಿಯುತ್ತದೆ. ಬಿಸಿಲು ತಾಕದ ಎಲೆ ಆಹಾರ ತಯಾರಿಸಲಾರದು. ಇಲ್ಲಿಯೂ ಗಂಡಿನ ಅಗತ್ಯವಿಲ್ಲ, ಹೆಣ್ಣು ನೇರವಾಗಿ ಮರಿ ಹಾಕುತ್ತದೆ. ರೆಕ್ಕೆಯ ಹೇನು ಗಾಳಿಯಲ್ಲಿ ಹೋಗುತ್ತದೆ, ಉಳಿದವು ಮೇವಿಗೆ ಒಯ್ಯುವ ಸೋಗೆಯಲ್ಲಿ, ಗಾಡಿಗೆ ಅಂಟಿದ ಎಲೆಯಲ್ಲಿ.

ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದು ಹೇಗೆ? ಕೈಹಿಡಿದದ್ದು ಹೇನನ್ನು ತಿನ್ನುವ ಹುಳಗಳೇ. ಡೈಫಾ ಎಂಬ ಪತಂಗದ ಮರಿಹುಳ ಮತ್ತು ಮೈಕ್ರೋಮಸ್ ಎಂಬ ಕೀಟ ಹೇನಿನ ಬೆನ್ನು ಹತ್ತಿದವು. ಮೈಕ್ರೋಮಸ್ಸನ್ನು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸಾಕಿ ಹೊಲಗಳಿಗೆ ಬಿಟ್ಟರು. ಎನ್ಕಾರ್ಸಿಯಾ ಎಂಬ ಸಣ್ಣ ಕಣಜವನ್ನು ಅಸ್ಸಾಂನಿಂದಲೇ ತಂದರು. ಶತ್ರು ಬಂದ ದಿಕ್ಕಿನಿಂದಲೇ ಮಿತ್ರನನ್ನೂ ಕರೆಸಿದಂತಾಯಿತು. ಮಿತಿಮೀರಿ ವಿಷ ಹೊಡೆದರೆ ಇವೇ ಮೊದಲು ಸಾಯುತ್ತವೆ.

ಕಾಫಿಯವರಿಗೆ ಇದು ಹೊಸ ಕಥೆಯಲ್ಲ. ಆಫ್ರಿಕಾ ಮೂಲದ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಸಿಕ್ಕಿತು, ಅನಂತರ ಕೊಡಗಿಗೆ ಬಂದಿತು. ಅದು ಕಾಯಿಯೊಳಗೇ ಹುಟ್ಟಿ ಬೆಳೆಯುವುದರಿಂದ ಕೊಯ್ದ ಹಣ್ಣು, ಸರಿಯಾಗಿ ಒಣಗದ ಬೀಜ, ಹಳೆಯ ಗೋಣಿಚೀಲ ಎಲ್ಲವೂ ಅದರ ವಾಹನ. ಇಲ್ಲಿ ನಮ್ಮ ಸಂಘದ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದು ವರ್ಷ ಹೊರಗಿನ ವ್ಯಾಪಾರಿಯೊಬ್ಬರಿಂದ ಬಳಸಿದ ಚೀಲಗಳನ್ನು ಅಗ್ಗಕ್ಕೆ ಕೊಂಡು, ಧೂಮೀಕರಣ ಮಾಡಿಸದೆ ಸದಸ್ಯರಿಗೆ ಹಂಚಿದೆವು. ಮುಂದಿನ ಹಂಗಾಮಿನಲ್ಲಿ ಇಬ್ಬರ ತೋಟದಲ್ಲಿ ಕಾಯಿಯ ಹೊಕ್ಕುಳಲ್ಲಿ ತೂತು ಕಂಡಿತು, ಅದೂ ಗೋದಾಮಿನ ಮಗ್ಗುಲಿನ ಗಿಡಗಳಲ್ಲೇ ಮೊದಲು. ಚೀಲದಲ್ಲಿ ಉಳಿಸಿದ ಹಣ ಆ ಇಬ್ಬರ ನಷ್ಟದ ಮುಂದೆ ಏನೂ ಅಲ್ಲ.

ಅಂಟಾರ್ಕ್ಟಿಕಾ ಒಪ್ಪಂದದ ದೇಶಗಳು 1991ರಲ್ಲಿ ಪರಿಸರ ರಕ್ಷಣೆಯ ಕರಾರಿಗೆ ಸಹಿ ಹಾಕಿದವು. ಹೊರಗಿನ ಗಿಡ, ಪ್ರಾಣಿಗಳನ್ನು ಪರವಾನಗಿಯಿಲ್ಲದೆ ಅಲ್ಲಿಗೆ ಒಯ್ಯುವಂತಿಲ್ಲ. ನಮ್ಮ ಮೈತ್ರಿ, ಭಾರತಿ ಕೇಂದ್ರಗಳಿಗೂ ಅದೇ ನಿಯಮ. ನಮ್ಮ ತೋಟದ ಗೇಟಿನಲ್ಲಿ ಪರವಾನಗಿ ಕೇಳುವವರಿಲ್ಲ. ಆದ್ದರಿಂದ ಈ ಹಂಗಾಮಿನಿಂದ ಹೊರಗಿನ ಚೀಲಗಳು ಧೂಮೀಕರಣವಾಗದೆ ಸಂಘದ ಗೋದಾಮಿನಿಂದ ಹೊರಬೀಳುವುದಿಲ್ಲ. ಬೇರೆ ಜಿಲ್ಲೆಯಿಂದ ಅಡಿಕೆ, ಕಾಫಿ ಸಸಿ ತರಿಸಿದವರು ಅವನ್ನು ತೋಟಕ್ಕಿಳಿಸದೆ ಕೆಲವು ವಾರ ಬೇರೆಡೆ ಇಟ್ಟು, ಎಲೆಯ ಅಡಿಯನ್ನು ತಿರುಗಿಸಿ ನೋಡಬೇಕು. ಸಂಶಯ ಬಂದರೆ ಎಲೆಯನ್ನು ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಕಚೇರಿಗೆ ತನ್ನಿ, ಜೇಬಿನಲ್ಲಿ ಬೇಡ.