ಬರೆಯುವವನ ಬೆನ್ನು

ಹಳೆಯ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಕೊನೆಯ ಗರಿಯಲ್ಲಿ ಲಿಪಿಕಾರನ ಬಿನ್ನಹವೊಂದು ಕಾಣಸಿಗುವುದುಂಟು. ಬೆನ್ನು, ಸೊಂಟ, ಕೊರಳುಗಳು ಮುರಿದುಹೋದುವೆಂದೂ, ತಲೆಯೆತ್ತದೆ ಕಷ್ಟಪಟ್ಟು ಬರೆದ ಈ ಗ್ರಂಥವನ್ನು ಜೋಪಾನ ಮಾಡಬೇಕೆಂದೂ ಅವನು ಸಂಸ್ಕೃತದಲ್ಲಿ ಮೊರೆಯಿಡುತ್ತಾನೆ. ಗ್ರಂಥವನ್ನೇನೋ ನಾವು ಕಾಪಾಡಿದೆವು; ಬರೆದವನ ಬೆನ್ನಿನ ಸುದ್ದಿಯನ್ನು ಯಾರೂ ಕೇಳಲಿಲ್ಲ.

ನಾನೂ ಕೇಳಿದವನಲ್ಲ. ಕಳೆದ ಬೇಸಗೆಯಲ್ಲಿ ಉತ್ತರಪತ್ರಿಕೆಗಳ ರಾಶಿಯ ಮುಂದೆ ದಿನವಿಡೀ ಕುಳಿತು, ಎಂಟನೆಯ ದಿನ ಏಳಹೋದಾಗ ಸೊಂಟ ಹಿಡಿದುಕೊಂಡಿತು. ಕೆಳಗೆ ಬಿದ್ದ ಕೆಂಪು ಪೆನ್ನನ್ನು ಎತ್ತಿಕೊಡಲು ಮಗಳನ್ನು ಕೂಗಬೇಕಾಯಿತು. ಇತರರಿಗೆ ಅಂಕ ಹಾಕುವವನ ಗರ್ವ ಇಳಿಯಲು ಅಷ್ಟು ಸಾಕು.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. 1713ರ ಆವೃತ್ತಿಯಲ್ಲಿ ಲಿಪಿಕಾರರ ಮಾತನ್ನೂ ಎತ್ತಿದನು. ಎಡೆಬಿಡದೆ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾದೀತೆಂಬ ಮನಸ್ಸಿನ ಬಿಗಿ—ಇವು ಮೂರೂ ಅವರ ಕಷ್ಟದ ಮೂಲವೆಂದನು. ಲೇಖನಿಯ ಜಾಗದಲ್ಲಿ ಇಂದು ಕಂಪ್ಯೂಟರ್ ಇದೆ. ಆ ಮೂರು ಕಾರಣಗಳು ಮಾತ್ರ ಇದ್ದಲ್ಲಿಯೇ ಇವೆ.

ಬೆನ್ನುಮೂಳೆಯ ಮಣಿಗಳ ನಡುವೆ 23 ಮೆತ್ತೆಗಳುಂಟು. ಬೆಳೆದವರಲ್ಲಿ ಇವುಗಳ ಒಳಭಾಗಕ್ಕೆ ರಕ್ತನಾಳವಿಲ್ಲ; ಸುತ್ತಲಿಂದ ಜಿನುಗಿ ಬರುವ ಪೋಷಣೆಯೇ ಆಧಾರ. ಹಗಲಿನ ಭಾರಕ್ಕೆ ನೀರು ಕಳೆದುಕೊಂಡು ಕುಗ್ಗುವ ಇವು ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತವೆ. ಆದುದರಿಂದಲೇ ಬೆಳಗಿನ ಮನುಷ್ಯ ಸಂಜೆಯ ಮನುಷ್ಯನಿಗಿಂತ ಒಂದಿಷ್ಟು ಎತ್ತರ!

1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಈ ಮೆತ್ತೆಯೊಳಗಿನ ಒತ್ತಡವನ್ನು ಅಳೆದು, ನಿಂತಾಗಿನದಕ್ಕಿಂತ ಆನಿಕೆಯಿಲ್ಲದೆ ಕುಳಿತಾಗ ಅದು ಹೆಚ್ಚೆಂದರು. 1999ರಲ್ಲಿ ಪ್ರಕಟವಾದ ಜರ್ಮನಿಯ ಅಳತೆಯಲ್ಲಿ ಆ ಅಂತರ ಕಾಣಲಿಲ್ಲ. ಎಲ್ಲರಿಗೂ ಸಲ್ಲುವ ಸರಿಯಾದ ಭಂಗಿ ಒಂದೇ ಎಂಬ ನಂಬಿಕೆ ಈಗ ಸಡಿಲಿದೆ. “ನೆಟ್ಟಗೆ ಕೂರು” ಎಂದು ಗದರಿಸುವ ನಾವು ಉಪಾಧ್ಯಾಯರು “ಆಗಾಗ ಏಳು” ಎಂದು ಹೇಳುವುದು ಲೇಸು.

ಹಾಗೆಂದು ಕೂರುವ ಕ್ರಮವೇ ಬೇಡವೆಂದಲ್ಲ. ಪಾದಗಳು ನೆಲ ಮುಟ್ಟಲಿ. ಸೊಂಟ ಕುರ್ಚಿಯ ಬೆನ್ನಿಗೆ ಆನಿರಲಿ. ನಡುವೆ ಟೊಳ್ಳು ಉಳಿದರೆ ಸುರುಳಿ ಸುತ್ತಿದ ಟವೆಲೊಂದು ಸಾಕು. ಶಾನುಭೋಗರ ಇಳಿಜಾರು ಮೇಜು ಬರಹವನ್ನು ಕಣ್ಣಿನತ್ತ ಎತ್ತಿ ಕೊರಳಿನ ಬಾಗನ್ನು ತಗ್ಗಿಸುತ್ತಿತ್ತು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ನೀರಿನ ಹೂಜಿಯನ್ನು ಕೈಗೆಟುಕದ ಮೂಲೆಯಲ್ಲಿಟ್ಟರೆ ಬಾಯಾರಿಕೆಯೇ ನಮ್ಮನ್ನು ಎಬ್ಬಿಸುತ್ತದೆ.

ನಡಿಗೆಯ ಬೆಲೆ ಅಳತೆಗೂ ಸಿಕ್ಕಿದೆ. ಸೊಂಟನೋವಿನಿಂದ ಚೇತರಿಸಿಕೊಂಡವರನ್ನು ಕುರಿತ ಆಸ್ಟ್ರೇಲಿಯದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ತಜ್ಞರ ಸಲಹೆಯಂತೆ ಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರ ಗುಂಪಿನಲ್ಲಿ ನೋವು ಮರಳಲು ಹಿಡಿದ ಮಧ್ಯಾಂಕ ಅವಧಿ 208 ದಿನ. ಉಳಿದವರಲ್ಲಿ 112 ದಿನ. ನೋವು ಬಂದಾಗಲೂ ಹಾಸಿಗೆ ಹಿಡಿಯದೆ ಆದಷ್ಟು ಓಡಾಡಿಕೊಂಡಿರುವುದೇ ಮೇಲು. ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಈ ವರ್ಷವೂ ಉತ್ತರಪತ್ರಿಕೆಗಳು ಬಂದಿವೆ. ಹತ್ತು ತಿದ್ದಿದೊಡನೆ ಅಂಗಳಕ್ಕೆ ಹೋಗಿ ಬರುತ್ತೇನೆ. ಕೆಲಸ ಒಂದು ದಿನ ತಡವಾದೀತು. ಆದರೆ ಬಿದ್ದ ಪೆನ್ನನ್ನು ನಾನೇ ಎತ್ತಿಕೊಳ್ಳುತ್ತಿದ್ದೇನೆ.